ಕೋಟಿ ಆಸ್ತಿಯವರಿಗೆ ವಾರದ ಬಟವಾಡೆಯ ಲೆಕ್ಕ ತಿಳಿಯುತ್ತದೆಯೇ?

ಅಮ್ಮತ್ತಿ ಓದುಗ (ಚರ್ಚೆ ಆರಂಭಿಸಿದವರು)

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಅದರ ನಡುವೆಯೇ ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೆ, ಮುಖ್ಯಮಂತ್ರಿಯವರದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳಿಗೆ ಒಪ್ಪಿಗೆ ಸಿಕ್ಕಿತು. ಜೀವನ ವೆಚ್ಚ ಏರಿದೆ ಎಂಬುದು ಕೊಟ್ಟ ಕಾರಣ. 2022ರ ಫೆಬ್ರುವರಿಯಲ್ಲಿಯೂ ಧರಣಿ, ಘೋಷಣೆಗಳ ಮಧ್ಯೆ ಚರ್ಚೆಯಿಲ್ಲದೆ ವೇತನ ಹೆಚ್ಚಾಗಿತ್ತು. ಆಗ ಅಧಿಕಾರದಲ್ಲಿದ್ದದ್ದು ಬೇರೆ ಪಕ್ಷ. ಆದ್ದರಿಂದ ಇಲ್ಲಿ ಯಾರೂ ಪಕ್ಷದ ಬಾವುಟ ಹಿಡಿದು ಬರಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

2023ರಲ್ಲಿ ಗೆದ್ದ ನಮ್ಮ ರಾಜ್ಯದ ಶಾಸಕರು ಚುನಾವಣೆಗೆ ಸಲ್ಲಿಸಿದ ಆಸ್ತಿಯ ಪ್ರಮಾಣಪತ್ರಗಳನ್ನು, ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ ಪರಿಶೀಲಿಸಿತ್ತು. ಶೇ 97ರಷ್ಟು ಮಂದಿ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 64 ಕೋಟಿ ರೂಪಾಯಿ. ಅದಕ್ಕೂ ಹಿಂದಿನ ಚುನಾವಣೆಯಲ್ಲಿ ಆ ಸರಾಸರಿ 34 ಕೋಟಿಯ ಆಸುಪಾಸಿನಲ್ಲಿತ್ತು. ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು!

ಇತ್ತ ನಮ್ಮ ಕೊಡಗು ಜಿಲ್ಲೆಯಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ತೋಟದ ಕೆಲಸ ವಾರಕ್ಕೆ ಎರಡು ಮೂರು ದಿನಕ್ಕೆ ಇಳಿಯುತ್ತದೆ. ಹಾಜರಿ ಇಲ್ಲದ ದಿನ ಕೂಲಿ ಇಲ್ಲ. ಅದೇ ತಿಂಗಳು ಶಾಲೆ ತೆರೆಯುತ್ತದೆ, ಅದೇ ತಿಂಗಳು ಮನೆಯ ಮಾಡು ಸೋರುತ್ತದೆ, ಅದೇ ತಿಂಗಳು ಜ್ವರ ಬರುತ್ತದೆ. 64 ಕೋಟಿಯ ಸರಾಸರಿಯೊಳಗೆ ಕುಳಿತವರಿಗೆ ಈ ಜೂನ್ ತಿಂಗಳು ಅರ್ಥವಾಗುತ್ತದೆಯೇ? ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ನಿಮ್ಮ ಅಭಿಪ್ರಾಯ ತಿಳಿಸಿ.

ಪೊನ್ನಂಪೇಟೆ ಬೆಳೆಗಾರ

ಅಣ್ಣ, ಆಸ್ತಿಯ ಅಂಕಿ ನೋಡಿ ಮನುಷ್ಯನನ್ನು ಅಳೆಯುವುದನ್ನು ನಾನು ಒಪ್ಪುವುದಿಲ್ಲ. ದೇವರಾಜ ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ನಮ್ಮ ಗಡಿ ದಾಟಿದರೆ ಸಿಗುವ ಊರು. ಮೈಸೂರು ಅರಮನೆಯ ಬಂಧುವರ್ಗಕ್ಕೆ ಸೇರಿದ ಜಮೀನುದಾರ ಮನೆತನದಲ್ಲಿ ಹುಟ್ಟಿದವರು. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿದವರು ಅವರು. ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ರಚಿಸಿದವರೂ ಅವರೇ. ತಮ್ಮ ವರ್ಗದ ಹಿತಕ್ಕೆ ವಿರುದ್ಧವಾಗಿ ನಿಲ್ಲುವ ಶಕ್ತಿ ಅವರಿಗೆ ಬಡತನದಿಂದ ಬಂದಿರಲಿಲ್ಲ.

ಇನ್ನೊಂದು ಮಾತು. ಪ್ರಮಾಣಪತ್ರದಲ್ಲಿ ಭೂಮಿಯ ಮಾರುಕಟ್ಟೆ ಬೆಲೆ ಬರೆಯಬೇಕು. ಕೊಡಗಿನಲ್ಲಿ ರಸ್ತೆ ಬದಿಯ ಕೆಲವು ಎಕರೆ ಕಾಫಿ ತೋಟ ಇದ್ದರೆ ಸಾಕು, ಕಾಗದದ ಮೇಲೆ ನೀವೂ ಕೋಟ್ಯಧಿಪತಿ. ಕೈಯಲ್ಲಿರುವ ಕಾಸು ಎಷ್ಟು? 2000ದ ನಂತರದ ಬೆಲೆ ಕುಸಿತದಲ್ಲಿ ಇಲ್ಲಿನ ಬೆಳೆಗಾರರು ಗೊಬ್ಬರಕ್ಕೂ ಸಾಲ ಮಾಡಿದ್ದಾರೆ. ಸಾಲ ತೀರಿಸದವರ ಅಡವಿನ ಆಸ್ತಿಯನ್ನು ಬ್ಯಾಂಕುಗಳು ಹರಾಜು ಹಾಕಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದಿದ್ದರೂ ಕಾಫಿ ತೋಟಗಳನ್ನು ಹರಾಜಿಗೆ ಇಟ್ಟ ಜಾಹೀರಾತುಗಳನ್ನು ಪತ್ರಿಕೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಆಸ್ತಿ ಬೇರೆ, ನೆಮ್ಮದಿ ಬೇರೆ.

ಸಿದ್ದಾಪುರದ ಸಂಘದ ಸದಸ್ಯೆ

ಅಣ್ಣಂದಿರೇ, ನೀವಿಬ್ಬರೂ ಮೊತ್ತದ ಮಾತು ಆಡುತ್ತಿದ್ದೀರಿ. ನಮ್ಮ ಕಷ್ಟ ಇರುವುದು ದಿನಾಂಕದಲ್ಲಿ.

ತೋಟದ ಮಾಲೀಕರು ಕೂಲಿಯವರಿಗೆ ಕೊಡುವ ಸಾಲು ಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ವಾಸವಿದ್ದು ತೋಟಕ್ಕೆ ಹೋಗುವ ಹೆಂಗಸರ ಜೊತೆ ನಾನು ಸಂಘ ನಡೆಸುತ್ತೇನೆ, ಆದ್ದರಿಂದ ಹೇಳುತ್ತೇನೆ. ಕೂಲಿಯ ಬಟವಾಡೆ ಆಗುವುದು ಸಂತೆಯ ದಿನ. ಸಾಲದ ಕಂತು ಕಟ್ಟಬೇಕಾದದ್ದು ವಾರದ ಮಧ್ಯದಲ್ಲಿ. ಸಂತೆಯ ದಿನ ಕೈಗೆ ಬಂದ ದುಡ್ಡು ಅಂಗಡಿಯ ಬಾಕಿಗೆ, ಅಕ್ಕಿ ಮೀನಿಗೆ, ಮಗುವಿನ ಔಷಧಿಗೆ ಹೋಗಿರುತ್ತದೆ. ಕಂತಿನ ದಿನ ಬಂದಾಗ ಇನ್ನೊಬ್ಬಳ ಹತ್ತಿರ ಕೈಸಾಲ. ಒಂದು ವಾರ ಮಳೆ ಹೆಚ್ಚಾಗಿ ಎರಡೇ ಹಾಜರಿ ಬಿದ್ದರೆ ಆ ಕೈಸಾಲ ತೀರಿಸಲು ಇನ್ನೊಂದು ಕಂಪನಿಯಲ್ಲಿ ಸಾಲ. ಹೀಗೆ ಮೂರು ನಾಲ್ಕು ಕಡೆ ಸಿಕ್ಕಿಕೊಂಡ ಹೆಂಗಸರು ನನಗೆ ಗೊತ್ತು. ಅವರು ದುಂದು ಮಾಡಿದವರಲ್ಲ. ವರ್ಷದ ಲೆಕ್ಕ ಹಾಕಿದರೆ ಅವರ ದುಡಿಮೆ ಖರ್ಚಿಗೆ ಸರಿಹೋಗುತ್ತದೆ. ವಾರದ ಲೆಕ್ಕದಲ್ಲಿ ಮಾತ್ರ ಸೋಲುತ್ತಾರೆ.

ಈಗ ಗೃಹಲಕ್ಷ್ಮಿಯನ್ನು ನೋಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾಯಿತು. ತಿಂಗಳಿಗೆ ಎರಡು ಸಾವಿರ. ನಾನು ಇದನ್ನು ಎಂದೂ ಹಗುರವಾಗಿ ಮಾತನಾಡುವುದಿಲ್ಲ, ಈ ದುಡ್ಡಿನಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಕೆಲವು ಬಾರಿ ತಿಂಗಳುಗಟ್ಟಲೆ ಬರಲಿಲ್ಲ, ಆಮೇಲೆ ಕಂತುಗಳು ಒಟ್ಟಿಗೆ ಬಂದವು. ಬೆಂಗಳೂರಿನ ಲೆಕ್ಕದಲ್ಲಿ ಅದು ಸರಿ: ಮೂರು ತಿಂಗಳಿಗೆ ಆರು ಸಾವಿರ ಕೊಡಬೇಕಿತ್ತು, ಆರು ಸಾವಿರ ಕೊಟ್ಟರು. ಸಿದ್ದಾಪುರದ ಲೆಕ್ಕದಲ್ಲಿ ಆ ಮೂರು ತಿಂಗಳಲ್ಲಿ ಒಂದು ಕಿವಿಯೋಲೆ ಅಡವಿಗೆ ಹೋಗಿರುತ್ತದೆ, ಅದರ ಮೇಲೆ ಬಡ್ಡಿ ಏರಿರುತ್ತದೆ. ತಡವಾಗಿ ಬಂದ ಆರು ಸಾವಿರದಲ್ಲಿ ಒಂದು ಪಾಲು ಬಡ್ಡಿಗೇ ಹೋಗುತ್ತದೆ.

2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಮನೆ ಬಾಗಿಲಿಗೆ ಬಂದು ಕೂಗಾಡುವವರಿಗೆ ಭಯ ಹುಟ್ಟಬೇಕಿತ್ತು, ಸ್ವಾಗತ. ಆದರೂ ಕಂತಿನ ದಿನ ಬದಲಾಗಲಿಲ್ಲ, ಮಳೆಗಾಲಕ್ಕೆ ರಿಯಾಯಿತಿ ಇಲ್ಲ. ದುಡ್ಡು ಯಾವಾಗಲೂ ಖಾತೆಯಲ್ಲಿ ಇರುವ ಮನುಷ್ಯನಿಗೆ ಎರಡು ಸಾವಿರ ಎಂದರೆ ಎಷ್ಟು ಎಂಬುದು ಗೊತ್ತಾಗುತ್ತದೆ. ಅದು ಐದನೇ ತಾರೀಖಿನ ಬದಲು ಇಪ್ಪತ್ತೈದಕ್ಕೆ ಬಂದರೆ ಏನಾಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ನನ್ನ ಉತ್ತರ ಇಷ್ಟೇ.

ನೆಲ್ಯಹುದಿಕೇರಿ ದಿನಸಿ ಅಂಗಡಿ

ಅಕ್ಕ ಹೇಳಿದ್ದು ಅಕ್ಷರಶಃ ನಿಜ. ನನ್ನ ಅಂಗಡಿಯ ಸಾಲದ ಪುಸ್ತಕ ಜೂನ್‌ನಿಂದ ದಪ್ಪವಾಗುತ್ತಾ ಹೋಗಿ ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಬಿರುಸಾದ ಮೇಲೆ ಇಳಿಯುತ್ತದೆ. ಯಾವ ಆರ್ಥಿಕ ಸಮೀಕ್ಷೆಯಲ್ಲೂ ಇದು ಬರುವುದಿಲ್ಲ.

ಶನಿವಾರಸಂತೆಯವನು, ಈಗ ಇಂಗ್ಲೆಂಡಿನಲ್ಲಿ

ನಮ್ಮ ಕರ್ನಾಟಕದ ಅಳಿಯ ಎಂದು ಊರಿನವರು ಹೆಮ್ಮೆಪಟ್ಟಿದ್ದ ರಿಷಿ ಸುನಕ್ ಅವರ ವಿಚಾರದಲ್ಲಿ ಇಲ್ಲಿ ಇದೇ ಪ್ರಶ್ನೆ ವರ್ಷಗಟ್ಟಲೆ ಚರ್ಚೆಯಾಯಿತು. 2022ರ ಮಾರ್ಚ್‌ನಲ್ಲಿ ಹಣಕಾಸು ಸಚಿವರಾಗಿ ಇಂಧನ ಸುಂಕ ಇಳಿಸಿದ ಅವರು ಕಾರಿಗೆ ಪೆಟ್ರೋಲ್ ಹಾಕುವ ಚಿತ್ರ ತೆಗೆಸಿಕೊಂಡರು. ಆ ಕಾರು ಪೆಟ್ರೋಲ್ ಬಂಕ್ ನಡೆಸುವ ಅಂಗಡಿಯ ಕೆಲಸಗಾರರೊಬ್ಬರದು ಎಂದು ಆಮೇಲೆ ತಿಳಿಯಿತು. ಹಣ ಪಾವತಿಸುವಾಗ ಕಾರ್ಡನ್ನು ಎಲ್ಲಿ ಹಿಡಿಯಬೇಕೆಂದು ತೋಚದೆ ತಡವರಿಸಿದ ವಿಡಿಯೊ ಊರೆಲ್ಲ ಹರಿದಾಡಿತು. 2024ರ ಚುನಾವಣೆಯ ಹೊತ್ತಿಗೆ ಅವರು ಪ್ರಧಾನಿ; ಬಾಲ್ಯದಲ್ಲಿ ಏನನ್ನು ಬಿಟ್ಟು ಬದುಕಿದಿರಿ ಎಂದು ಸಂದರ್ಶಕರು ಕೇಳಿದಾಗ, ಹಣ ಕೊಟ್ಟು ನೋಡುವ ಸ್ಕೈ ಟಿವಿ ಇರಲಿಲ್ಲ ಎಂದರು. ವಿದ್ಯುತ್ ಬಿಲ್ ಕಟ್ಟಲಾಗದೆ ಚಳಿಯಲ್ಲಿ ಕುಳಿತವರಿಗೆ ಆ ಮಾತು ಎಷ್ಟು ನೋವು ಕೊಟ್ಟಿತು ಎಂಬುದನ್ನು ನನ್ನ ಜೊತೆ ಕೆಲಸ ಮಾಡುವವರ ಮುಖದಲ್ಲಿ ಕಂಡಿದ್ದೇನೆ.

ಆದರೆ ಅದೇ ವ್ಯಕ್ತಿ 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಕೆಲಸ ನಿಂತಾಗ, ಮನೆಯಲ್ಲಿ ಕುಳಿತ ಕಾರ್ಮಿಕರ ಸಂಬಳದ ಶೇ 80ರಷ್ಟನ್ನು ತಿಂಗಳಿಗೆ 2,500 ಪೌಂಡ್ ಮಿತಿಯವರೆಗೆ ಸರ್ಕಾರವೇ ಭರಿಸುವ ಯೋಜನೆ ತಂದರು. ಬಡವರ ನೆರವಿನ ಹಣಕ್ಕೆ ವಾರಕ್ಕೆ 20 ಪೌಂಡ್ ಸೇರಿಸಿದರು. ಆ ದಿನಗಳಲ್ಲಿ ಬಾಡಿಗೆ ಕಟ್ಟಲು ಸಾಧ್ಯವಾದದ್ದು ಅದರಿಂದ. ಅವರ ಶ್ರೀಮಂತಿಕೆ ಅದಕ್ಕೆ ಅಡ್ಡ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಆ 20 ಪೌಂಡನ್ನು ಹಿಂತೆಗೆದುಕೊಂಡರು, ಚಳಿಗಾಲ ಶುರುವಾಗುವ ಹೊತ್ತಿಗೆ ಸರಿಯಾಗಿ! ಸಿದ್ದಾಪುರದ ಅಕ್ಕ ಬರೆದದ್ದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಇದು.

ಸೋಮವಾರಪೇಟೆ ನಿವೃತ್ತ ಶಿಕ್ಷಕ

ಎಲ್ಲರ ಮಾತನ್ನೂ ಗಮನವಿಟ್ಟು ಓದಿದೆ. ಇಷ್ಟು ಸಭ್ಯವಾಗಿ ವಾದಿಸುತ್ತಿರುವುದಕ್ಕೆ ಸಂತೋಷ.

ಶ್ರೀಮಂತರಿಗೆ ಅರ್ಥವಾಗುತ್ತದೆಯೇ ಎಂದು ಕೇಳುವ ಮುಂಚೆ ಶ್ರೀಮಂತರಲ್ಲದವರು ಅಲ್ಲಿಗೆ ಏಕೆ ತಲುಪುತ್ತಿಲ್ಲ ಎಂದು ಕೇಳಬೇಕು. ವಿಧಾನಸಭೆ ಚುನಾವಣೆಗೆ ನಿಲ್ಲಲು ಠೇವಣಿ ಹತ್ತು ಸಾವಿರ ರೂಪಾಯಿ, ಪರಿಶಿಷ್ಟರಿಗೆ ಐದು ಸಾವಿರ. ಅಷ್ಟನ್ನು ಊರವರು ಸೇರಿ ಕೊಡಬಹುದು. ಆದರೆ ಅಭ್ಯರ್ಥಿ ಕಾನೂನುಬದ್ಧವಾಗಿಯೇ ಖರ್ಚು ಮಾಡಬಹುದಾದ ಮಿತಿ ಕರ್ನಾಟಕದಂತಹ ರಾಜ್ಯದಲ್ಲಿ 2022ರಿಂದ 40 ಲಕ್ಷ. ಲೋಕಸಭೆಗೆ 95 ಲಕ್ಷ. ಎದುರಾಳಿ ಆ ಮಿತಿಯವರೆಗೆ ಖರ್ಚು ಮಾಡುವಾಗ ತೋಟದ ಮೇಸ್ತ್ರಿಯೊಬ್ಬರು, ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹೇಗೆ ನಿಲ್ಲುತ್ತಾರೆ? ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬರದಿದ್ದರೆ ಊರವರು ಕೂಡಿಸಿ ಕೊಟ್ಟ ಠೇವಣಿಯೂ ಹೋಯಿತು.

ಕೊಡಗಿಗೆ ಇದರಲ್ಲಿ ವಿಶೇಷ ನಷ್ಟವಿದೆ. 1950ರಿಂದ 1956ರವರೆಗೆ ನಾವು ಪ್ರತ್ಯೇಕ ಸಿ ದರ್ಜೆಯ ರಾಜ್ಯ. 1952ರಿಂದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಸದಸ್ಯರ ವಿಧಾನಸಭೆ. ಇಂದು ಇಡೀ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರ. ಪ್ರತ್ಯೇಕ ರಾಜ್ಯ ಮತ್ತೆ ಬೇಕು ಎಂಬ ವಾದಕ್ಕೆ ನಾನು ಇದನ್ನು ಹೇಳುತ್ತಿಲ್ಲ, ಆ ಚರ್ಚೆಯೇ ಬೇರೆ. ಶಾಸಕರಿಗೂ ಮತದಾರರಿಗೂ ನಡುವಿನ ದೂರ ಹೆಚ್ಚಿದೆ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಸಂಸದರ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ನಮ್ಮವು ಎರಡು. ಈಗಿನ ಸಂಸದರು ಮೈಸೂರು ರಾಜಮನೆತನದವರು. ವಂಶ ನೋಡಿ ಅವರನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ಆರು ಭಾಗಗಳು ಮೈಸೂರಿನ ಕಡೆ ಇರುವಾಗ ಯಾರೇ ಗೆದ್ದರೂ ನಮ್ಮ ಗಡಿಯಂಚಿನ ಮಾಕುಟ್ಟಕ್ಕೆ, ಕರಿಕೆಗೆ ಎಷ್ಟು ಸಲ ಬರಲು ಸಾಧ್ಯ?

ನಡುವೆ ಇದ್ದ ಮೆಟ್ಟಿಲೂ ಮುರಿದಿದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. ಸಾಧಾರಣ ಮನೆಯ ಹೆಣ್ಣುಮಗಳೊಬ್ಬಳು ಮೀಸಲಾತಿಯ ಬಲದಿಂದ ಗೆದ್ದು, ಅಧಿಕಾರಿಯ ಎದುರು ಕುಳಿತು ನಮ್ಮ ಊರಿನ ನೀರು, ಸಾಲ, ಪಡಿತರದ ಮಾತು ಆಡುತ್ತಿದ್ದ ಜಾಗ ಅದು. ಅದನ್ನು ಖಾಲಿ ಇಟ್ಟುಕೊಂಡು ವಿಧಾನಸೌಧದಲ್ಲಿ ಸಹಾನುಭೂತಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ಮಡಿಕೇರಿಯ ದಾದಿ

ಮೇಷ್ಟ್ರೇ ನಮಸ್ಕಾರ. ಆಸ್ಪತ್ರೆಯ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕು ಎಂದು ನಮ್ಮ ಹುಡುಗರು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನ ನಡೆಸಿದ್ದು ನೆನಪಿದೆಯೇ? ಹೃದಯಾಘಾತವಾದರೆ, ತಲೆಗೆ ಪೆಟ್ಟಾದರೆ, ಆನೆ ತುಳಿದು ಎಲುಬು ಮುರಿದರೆ ಮೈಸೂರಿಗೆ ಓಡಬೇಕಾದ ಸ್ಥಿತಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ನಮ್ಮ ಜಿಲ್ಲೆಗೆ ರೈಲೂ ಇಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಇದು ನಿಜಕ್ಕೂ ಜೀವ ಉಳಿಸಿದ ಯೋಜನೆ. ಆದರೆ ರೋಗಿಯ ಜೊತೆ ಹೋಗುವ ಗಂಡನೋ ಮಗಳೋ ಹತ್ತು ದಿನ ಕೂಲಿ ಕಳೆದುಕೊಳ್ಳುತ್ತಾರಲ್ಲ, ಅದಕ್ಕೆ ಯಾವ ಕಾರ್ಡೂ ಇಲ್ಲ. ಮೈಸೂರಿನಲ್ಲಿ ಅವರ ಊಟ, ಓಡಾಟ, ಆಸ್ಪತ್ರೆಯ ಜಗಲಿಯಲ್ಲಿ ಮಲಗುವ ಪಾಡು, ಬಿಡುಗಡೆಯ ದಿನ ಪ್ಲಾಸ್ಟರ್ ಹಾಕಿದ ಕಾಲಿನ ರೋಗಿಯನ್ನು ಊರಿಗೆ ಕರೆತರುವ ಟ್ಯಾಕ್ಸಿ. ಶಸ್ತ್ರಚಿಕಿತ್ಸೆ ಉಚಿತ ಎಂದು ಗೊತ್ತಿದ್ದರೂ ಈ ಖರ್ಚಿಗೆ ಹೆದರಿ ಮೈಸೂರಿಗೆ ಹೋಗುವುದನ್ನು ಮುಂದೂಡುವವರನ್ನು ನಾನು ಕಾಣುತ್ತಿರುತ್ತೇನೆ. ಮುಂದೂಡಿದ್ದರಿಂದ ಕೆಲವರನ್ನು ಕಳೆದುಕೊಂಡಿದ್ದೇವೆ.

ಮಹಿಳೆಯರ ಉಚಿತ ಪ್ರಯಾಣವೂ ಹಾಗೆಯೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಮೈಸೂರಿಗೆ ಹೋಗುವ ಹೆಂಗಸರಿಗೆ ಅದು ದೊಡ್ಡ ಉಪಕಾರ. ಆದರೆ ನಮ್ಮ ಒಳ ಊರುಗಳ ಬಹಳ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ತೋಟದಿಂದ ಆರೋಗ್ಯ ಕೇಂದ್ರಕ್ಕೆ ಬರಲು ಅವಳು ಟಿಕೆಟ್ ಕೊಳ್ಳಲೇಬೇಕು. ಯೋಜನೆ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಕೊಡಗಿನ ಖಾಸಗಿ ಬಸ್ಸಿನಲ್ಲಿ ನಿಂತುಕೊಂಡು ಬಂದವರು ಆ ಕೋಣೆಯಲ್ಲಿ ಒಬ್ಬರಾದರೂ ಇದ್ದಿದ್ದರೆ ಈ ಮಾತು ಅಂದೇ ಎದ್ದಿರುತ್ತಿತ್ತು.

ತಿತಿಮತಿಯ ಯುವಕ

ನಾನು ಯರವ ಎಂಬ ಆದಿವಾಸಿ ಸಮುದಾಯದವನು, ಪದವಿ ಓದಿದವನು. ಪೊನ್ನಂಪೇಟೆಯ ಹಿರಿಯರು ದೇವರಾಜ ಅರಸರ ಹೆಸರು ಹೇಳಿದ್ದರಿಂದ ಉತ್ತರಿಸುತ್ತಿದ್ದೇನೆ. ಅರಸರ ಮೇಲೆ ನನಗೆ ಗೌರವವಿದೆ. ಗೇಣಿದಾರನಿಗೆ ಭೂಮಿ ಬಂತು, ಸತ್ಯ. ಆದರೆ ಅದೇ ಭೂಸುಧಾರಣಾ ಕಾಯ್ದೆಯ 104ನೇ ಕಲಮು ಕಾಫಿ, ಏಲಕ್ಕಿ, ಕರಿಮೆಣಸು, ಚಹಾ, ರಬ್ಬರ್ ತೋಟಗಳನ್ನು ಹೊರಗಿಟ್ಟಿತು. ತಲೆಮಾರುಗಳಿಂದ ಕಾಫಿ ತೋಟದಲ್ಲಿ ದುಡಿದ ನಮ್ಮವರು ಗೇಣಿದಾರರಾಗಿರಲಿಲ್ಲ, ಕೂಲಿಯವರಾಗಿದ್ದರು. ಉಳುವವನೇ ಹೊಲದೊಡೆಯ ಎಂದು ರಾಜ್ಯವೆಲ್ಲ ಕೂಗಿದ ಕಾಲದಲ್ಲಿ ಲೈನ್ ಮನೆಯ ಅಂಗಳವೂ ನಮ್ಮದಾಗಲಿಲ್ಲ. ಅತ್ಯಂತ ಸಹೃದಯ ಮುಖ್ಯಮಂತ್ರಿಯ ಕಾಲದಲ್ಲಿಯೂ ನಾವು ಲೆಕ್ಕಕ್ಕೆ ಬರಲಿಲ್ಲ ಎಂಬುದನ್ನು ದಯವಿಟ್ಟು ಯೋಚಿಸಿ.

ಕೆಲಸ ಬಿಟ್ಟರೆ ಮನೆ ಬಿಡಬೇಕು. ಮನೆ ಬಿಟ್ಟರೆ ಪಡಿತರ ಚೀಟಿಯ ವಿಳಾಸ ಹೋಗುತ್ತದೆ. ವಿಳಾಸ ಇಲ್ಲದಿದ್ದರೆ ಜಾತಿ ಪ್ರಮಾಣಪತ್ರಕ್ಕೂ ಅಲೆದಾಟ. ಮಾಲೀಕರ ಹತ್ತಿರ ಮುಂಗಡ ತೆಗೆದುಕೊಂಡಿದ್ದರೆ ಕೂಲಿ ಹೆಚ್ಚು ಕೊಡಿ ಎಂದು ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು ಕಿತ್ತುಹಾಕಿದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಲೈನ್ ಮನೆಗಳಿಂದ ಹೊರಬಂದವರೇ. ಬಯಲಿನಲ್ಲಿ, ಚಳಿಯಲ್ಲಿ ಕುಳಿತು ಹೋರಾಡಿದರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಜನ ಕದಲದೆ ಕುಳಿತ ಮೇಲೆಯೇ ರಾಜಕಾರಣಿಗಳಿಗೆ ಅರ್ಥವಾದದ್ದು. ಅವರಲ್ಲಿ ಬಡವರೆಷ್ಟು, ಶ್ರೀಮಂತರೆಷ್ಟು ಎಂಬುದು ಅಲ್ಲಿ ಮುಖ್ಯವಾಗಲೇ ಇಲ್ಲ.

ಇನ್ನೊಂದು ಪ್ರಶ್ನೆ, ಸಿಟ್ಟಿನಿಂದಲ್ಲ, ನೋವಿನಿಂದ ಕೇಳುತ್ತೇನೆ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ, 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. ಹಿಂದೆಂದೂ ಕಾಣದ ಬೆಲೆ. ಕೂಲಿ ಅದೇ ಪ್ರಮಾಣದಲ್ಲಿ ಏರಿತೇ? ವಿಧಾನಸೌಧ ದೂರ ಇದೆ. ತೋಟದ ಬಂಗಲೆ ಲೈನ್ ಮನೆಗೆ ಕೂಗಳತೆಯ ದೂರದಲ್ಲಿದೆ. ಅಲ್ಲಿಗೇ ಕೇಳಿಸದಿದ್ದರೆ ಬೆಂಗಳೂರನ್ನು ಏಕೆ ದೂರುತ್ತೇವೆ?

ಗೋಣಿಕೊಪ್ಪ

ಈ ಪ್ರಶ್ನೆಗೆ ಬೆಳೆಗಾರರು ಉತ್ತರ ಕೊಡಬೇಕು. ಜಾರಿಕೊಳ್ಳಬಾರದು.

ಪೊನ್ನಂಪೇಟೆ ಬೆಳೆಗಾರ

ಜಾರಿಕೊಳ್ಳುವುದಿಲ್ಲ. ತಮ್ಮ, ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೂಲಿ ಏರಿದೆ, ಕಾಫಿಯ ಬೆಲೆ ಏರಿದಷ್ಟು ಏರಿಲ್ಲ. ಸಣ್ಣ ಬೆಳೆಗಾರರ ಕಡೆಯಿಂದ ಹೇಳುವುದು ಒಂದಿದೆ: ಬೆಲೆ ಏರಿದ ಆ ವರ್ಷದ ಹಣ ಹಳೆಯ ಬ್ಯಾಂಕ್ ಸಾಲಕ್ಕೆ ಹೋಯಿತು. ಮುಂದಿನ ವರ್ಷ ಬೆಲೆ ಹೀಗೆಯೇ ಇರುತ್ತದೆ ಎಂಬ ಭರವಸೆಯಿಲ್ಲ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಕಣದಲ್ಲಿ ಹರಡಿದ ಕಾಫಿ ಮುಗ್ಗುತ್ತದೆ, ಓಟಿ, ಅಂದರೆ ಚೀಲಕ್ಕೆ ಸಿಗುವ ಬೀಜದ ಪ್ರಮಾಣ, ಇಳಿಯುತ್ತದೆ. ಕೂಲಿಯನ್ನು ಒಮ್ಮೆ ಏರಿಸಿದರೆ ಇಳಿಸಲಾಗದು, ಇಳಿಸಲೂಬಾರದು.

ಆದರೆ ನೂರಾರು ಎಕರೆಯ ತೋಟಗಳಿಗೆ ಈ ಸಮಜಾಯಿಷಿ ಸಲ್ಲದು. ಹಾಗೆಯೇ ಸಣ್ಣವರು ಮಾಡಬಹುದಾದದ್ದೂ ಇದೆ. ಬೆಲೆ ಚೆನ್ನಾಗಿರುವ ವರ್ಷ ಕೊಯ್ಲು ಮುಗಿದಾಗ ಬೋನಸ್ ಕೊಡುವುದು ನನ್ನ ತೋಟದಲ್ಲಿ ನಡೆದು ಬಂದಿದೆ. ಸಿದ್ದಾಪುರದ ತಂಗಿ ಹೇಳಿದ್ದು ಓದಿದ ಮೇಲೆ ಅನ್ನಿಸಿತು, ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ಜೂನ್ ಮೊದಲ ವಾರ ಕೊಡಬೇಕು. ಮುಂಗಡ ಎಂದಲ್ಲ, ಸಾಲ ಎಂದಲ್ಲ, ಅವರ ಹಕ್ಕಿನ ಹಣವಾಗಿ. ಈ ವರ್ಷದಿಂದಲೇ ಮಾಡುತ್ತೇನೆ. ನಮ್ಮ ಬೆಳೆಗಾರರ ಗುಂಪಿನಲ್ಲಿಯೂ ಪ್ರಸ್ತಾಪಿಸುತ್ತೇನೆ.

ಅರಸರ ಬಗ್ಗೆ ನಾನು ಹೇಳಿದ್ದಕ್ಕೆ ಈಗಲೂ ಬದ್ಧ. 104ನೇ ಕಲಮಿನ ಮಾತನ್ನು ಅದರ ಜೊತೆಗೇ ಇಟ್ಟು ನೋಡುತ್ತೇನೆ.

ಅಮ್ಮತ್ತಿ ಓದುಗ

ಇಷ್ಟು ಮಾತು ಬಂದ ಮೇಲೆ ಇದನ್ನು ಇಲ್ಲಿಗೇ ಬಿಡುವುದು ಸರಿಯಲ್ಲ. ನಮ್ಮ ಇಬ್ಬರು ಶಾಸಕರಿಗೂ ಸಂಸದರಿಗೂ ಒಂದೇ ಮನವಿ ಕೊಡೋಣ. ಅವರ ಆಸ್ತಿಯ ಮಾತು ಅದರಲ್ಲಿ ಬೇಡ. ಗೃಹಲಕ್ಷ್ಮಿ ಮತ್ತು ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿ ಪ್ರತಿ ತಿಂಗಳು ಗೊತ್ತಾದ ಒಂದು ದಿನಾಂಕಕ್ಕೆ ಬರಬೇಕು. ಮಳೆಗಾಲದ ಮೂರು ತಿಂಗಳು ಸಣ್ಣ ಸಾಲದ ಕಂತಿಗೆ ವಿರಾಮ ಬೇಕು. ಜಿಲ್ಲೆಯ ಹೊರಗೆ ಕಳುಹಿಸಿದ ಬಿಪಿಎಲ್ ರೋಗಿಯ ಜೊತೆ ಹೋಗುವವರಿಗೆ ದಿನಭತ್ಯೆ ಬೇಕು. ಖಾಸಗಿ ಬಸ್ ಮಾತ್ರ ಓಡುವ ದಾರಿಗಳಿಗೆ ಸಾರಿಗೆ ಸಂಸ್ಥೆಯ ಬಸ್ ಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಒತ್ತಾಯ. ಕರಡನ್ನು ಮೇಷ್ಟ್ರು ತಿದ್ದಿಕೊಡುವಿರಾ?

ಸೋಮವಾರಪೇಟೆ ನಿವೃತ್ತ ಶಿಕ್ಷಕ

ಖಂಡಿತ. ಬೇಡಿಕೆಗಳ ಕೆಳಗೆ ಒಂದು ಸಾಲು ಸೇರಿಸಿ: ಪ್ರತಿಯೊಂದಕ್ಕೂ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಲಿಖಿತ ಉತ್ತರ ಬೇಕು.

ತಿತಿಮತಿಯ ಯುವಕ

ಲೈನ್ ಮನೆಯವರಿಗೆ ನಿವೇಶನದ ಹಕ್ಕುಪತ್ರ ಎಂಬುದು ಮೊದಲ ಸಾಲಿನಲ್ಲಿ ಇರಲಿ. ಅದು ಇಲ್ಲದೆ ನಾನು ಸಹಿ ಹಾಕುವುದಿಲ್ಲ.

ಅಮ್ಮತ್ತಿ ಓದುಗ

ಸೇರಿಸಿದೆ, ಮೊದಲ ಸಾಲಿನಲ್ಲಿಯೇ.

ಸಿದ್ದಾಪುರದ ಸಂಘದ ಸದಸ್ಯೆ

ನಮ್ಮ ಸಂಘದ ಹೆಂಗಸರು ಸಹಿ ಹಾಕುತ್ತಾರೆ. ಆದರೆ ಮನವಿ ಕೊಡುವುದಕ್ಕೆ ವಾರದ ನಡುವಿನ ದಿನ ಇಡಬೇಡಿ ಅಣ್ಣ. ಆ ದಿನ ಮಡಿಕೇರಿಗೆ ಬಂದರೆ ಒಂದು ಹಾಜರಿ ಹೋಗುತ್ತದೆ. ಭಾನುವಾರ ಶಾಸಕರು ಇಲ್ಲಿಗೇ ಬರುವಂತೆ ಕೇಳಿ, ನಮ್ಮ ಲೈನ್ ಮನೆಯ ಎದುರಿನ ಅಂಗಳದಲ್ಲಿ ಜಾಗವಿದೆ. ಅಂಗಳ ತೋಟದವರದಾದ್ದರಿಂದ ಅನುಮತಿಯನ್ನು ಪೊನ್ನಂಪೇಟೆಯ ಅಣ್ಣನವರು ಮಾತನಾಡಿ ಕೊಡಿಸಬೇಕು.

ಪೊನ್ನಂಪೇಟೆ ಬೆಳೆಗಾರ

ಆ ತೋಟದವರು ನನಗೆ ಪರಿಚಯದವರೇ. ನಾಳೆ ಬೆಳಿಗ್ಗೆ ಹೋಗಿ ಕೇಳಿ ಇಲ್ಲಿಯೇ ತಿಳಿಸುತ್ತೇನೆ.